ಹಿರಿಮುತ್ಯಾನ ಕೊನೆಯ ವಿಳಾಸ

ನಮ್ಮ ಮನೆಯಲ್ಲಿ ಹಿರಿಮುತ್ಯಾನ ಬಗ್ಗೆ ಉಳಿದಿದ್ದುದು ಮೂರೇ ಮಾತು. ಹಟ್ಟಿಯ ಚಿನ್ನದ ಗಣಿ ಮುಚ್ಚಿದ ಮೇಲೆ ಊರು ಬಿಟ್ಟ. ಕೋಲಾರಕ್ಕೆ ಹೋದ. ಕೊನೆಗೆ ಬೆಂಗಳೂರಿನಲ್ಲಿ ಸಿಸ್ಟರ್‌ಗಳ ಮನೆಯಲ್ಲಿ ಸತ್ತ. ಮೊದಲೆರಡನ್ನು ಯಾರು ಕೇಳಿದರೂ ಹೇಳುತ್ತಿದ್ದರು. ಮೂರನೆಯದನ್ನು ಹೇಳುತ್ತಿದ್ದವಳು ನಮ್ಮ ದೊಡ್ಡತ್ತೆ ಒಬ್ಬಳೇ. ಅದೂ ಗಂಡಸರು ಹೊಲಕ್ಕೆ ಹೋದ ಮೇಲೆ, ಒಳಮನೆಯಲ್ಲಿ. ಮಗ ಬದುಕಿರುವಾಗ ಅಪ್ಪ ಧರ್ಮದ ಕೂಳು ಉಂಡು ಸತ್ತ ಅನ್ನಿಸಿಕೊಳ್ಳುವುದು ರಾಯಚೂರು ಸೀಮೆಯಲ್ಲಿ ಸಣ್ಣ ಮಾತಲ್ಲ. ಆದ್ದರಿಂದ ನಮ್ಮ ಮುತ್ಯಾ ತನ್ನ ಅಪ್ಪನ ಹೆಸರನ್ನು ಮೊಮ್ಮಕ್ಕಳ ಮುಂದೆ ಎತ್ತಲೇ ಇಲ್ಲ.

ನಾನು ಸಿಂಧನೂರಿನಲ್ಲಿ ಸಮಾಜ ವಿಜ್ಞಾನ ಕಲಿಸಿ ನಿವೃತ್ತಳಾದವಳು. ಬಹಮನಿ ಸುಲ್ತಾನರ ವಂಶಾವಳಿಯನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದೇನೆ. ನನ್ನದೇ ವಂಶದಲ್ಲಿ ನಾಲ್ಕನೆಯ ತಲೆಗೆ ಹೋದರೆ ಕತ್ತಲೆ ಎಂಬುದು ನನ್ನನ್ನು ಬಹಳ ಕಾಡಿತು. ನಮ್ಮ ಮೂಲ ಲಿಂಗಸುಗೂರು ತಾಲ್ಲೂಕಿನ ಮುದಗಲ್ಲು. ಮುತ್ಯಾ ಬೆಳೆದದ್ದು ಮಸ್ಕಿಯಲ್ಲಿ, ಸೋದರಮಾವನ ಮನೆಯಲ್ಲಿ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಂದ ಮೇಲೆ ಕೂಲಿ ಹುಡುಕಿಕೊಂಡು ಸಿಂಧನೂರಿಗೆ ಬಂದ. ಈ ಮೂರು ಊರುಗಳ ನಡುವೆ ಬಸ್ಸಿನಲ್ಲಿ ಅರ್ಧ ದಿನದಲ್ಲಿ ಸುತ್ತಿ ಬರಬಹುದು. ಹಿರಿಮುತ್ಯಾ ಮಾತ್ರ ಈ ಸುತ್ತಿನಿಂದ ಹೊರಗೆ ಹೋದವನು.

ಮುದಗಲ್ಲಿನಲ್ಲಿ ಕಥೋಲಿಕರಿದ್ದಾರೆ ಎಂದರೆ ಬೆಂಗಳೂರಿನವರು ಈಗಲೂ ಹುಬ್ಬೇರಿಸುತ್ತಾರೆ. ಕೋಟೆ ಗೊತ್ತು, ಮೊಹರಂ ಗೊತ್ತು, ಚರ್ಚು ಗೊತ್ತಿಲ್ಲ. ಬಿಜಾಪುರದ ಆದಿಲ್‌ಶಾಹಿಗಳ ಕಾಲದಲ್ಲಿ ಗೋವೆಯ ಕಡೆಯಿಂದ ಬಂದ ಪಾದ್ರಿಗಳು ಇಲ್ಲಿ ನೆಲೆ ಮಾಡಿದರು. ಸುಲ್ತಾನರ ಅನುಮತಿಯ ಮೇಲೆಯೇ ನಿಂತ ಕ್ರೈಸ್ತ ನೆಲೆ ಇದು. ಪೋರ್ಚುಗೀಸರ ಕೋಟೆ ಬಂದೂಕುಗಳ ಆಸರೆ ಇಲ್ಲಿಗಿರಲಿಲ್ಲ. ರೊಟ್ಟಿ ಬಡಿಯುವ, ಕನ್ನಡದಲ್ಲಿ ಜಪಮಾಲೆ ಹೇಳುವ, ಸಂತೆಯಲ್ಲಿ ದಖನಿ ಉರ್ದು ಆಡುವ ಜನ. ಸುರಪುರದ ನಂಟಿನಿಂದ ನಮಗೆಲ್ಲ ಪರಿಚಿತನಾದ ಮೆಡೋಸ್ ಟೇಲರ್, ಚಾಂದಬೀಬಿಯ ಕುರಿತು ಬರೆದ 'ಎ ನೋಬಲ್ ಕ್ವೀನ್' ಕಾದಂಬರಿಯಲ್ಲಿ ಮುದಗಲ್ಲಿನ ಪಾದ್ರಿಯನ್ನೂ ಅವನ ತಂಗಿಯನ್ನೂ ಪಾತ್ರವಾಗಿಸಿದ್ದಾನೆ. 1878ರಲ್ಲಿ ಅಚ್ಚಾದ ಪುಸ್ತಕ ಅದು. ನಮ್ಮ ಹಿರಿಮುತ್ಯಾ ಹುಟ್ಟಿದ್ದೂ ಹೆಚ್ಚುಕಡಿಮೆ ಆಗಲೇ, ಧಾತು ಈಶ್ವರ ಸಂವತ್ಸರಗಳ ದೊಡ್ಡ ಬರದ ಬೆನ್ನಿಗೆ. ಕಾದಂಬರಿಯ ಪಾದ್ರಿಗೆ ಹೆಸರಿದೆ, ಮನೆಯಿದೆ, ಮಾತಿದೆ. ಅದೇ ಚರ್ಚಿನಲ್ಲಿ ದೀಕ್ಷಾಸ್ನಾನ ಪಡೆದ ಬಡ ಕೂಸಿಗೆ ಒಂದು ಸಾಲು ಸಿಕ್ಕರೂ ಸಾಕು ಎಂದು ನಾನು ಹುಡುಕಲು ಹೊರಟೆ.

ಅದಕ್ಕಿಂತ ಮೊದಲು ಹಟ್ಟಿಯ ಮಾತು ಹೇಳಬೇಕು. ಇಂದಿಗೂ ಬಂಗಾರ ತೆಗೆಯುತ್ತಿರುವ ಹಟ್ಟಿ ಲಿಂಗಸುಗೂರು ತಾಲ್ಲೂಕಿನಲ್ಲಿಯೇ ಇದೆ. ಇಲ್ಲಿಯ ಅಗೆತ ಬ್ರಿಟಿಷರಿಂದ ಶುರುವಾದದ್ದಲ್ಲ. ಅವರು ಬಂದು ನೋಡಿದಾಗ ನೆಲದಡಿ 640 ಅಡಿಯವರೆಗೂ ಪ್ರಾಚೀನರು ಇಳಿದುಹೋದ ಗುರುತುಗಳು ಸಿಕ್ಕವು. ಬಂಡೆಗೆ ಬೆಂಕಿ ಹಚ್ಚಿ ಕಾಯಿಸಿ, ನೀರು ಎರಚಿ ಬಿರುಕು ಬಿಡಿಸಿ, ಬುಟ್ಟಿಯಲ್ಲಿ ಹೊತ್ತು ತಂದ ಕಾಲದ ಆಳ ಅದು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ನಿಜಾಮರಿಂದ ಗಣಿ ಹಕ್ಕು ಪಡೆದ ಹೈದರಾಬಾದ್ ಡೆಕ್ಕನ್ ಕಂಪನಿ ಈ ಸೀಮೆಯನ್ನು ಶೋಧಿಸಿತು. ಇಪ್ಪತ್ತನೆಯ ಶತಮಾನ ತೆರೆಯುತ್ತಿದ್ದಂತೆ ಹಟ್ಟಿಯಲ್ಲಿ ಯಂತ್ರಗಳ ಗಣಿ ಶುರುವಾಯಿತು. ಹಿರಿಮುತ್ಯಾನಿಗೆ ಹೊಲ ಇರಲಿಲ್ಲ. ಮಳೆಯಾದ ವರ್ಷ ಕಂಡವರ ಜೋಳದ ಹೊಲದಲ್ಲಿ ಕೂಲಿ, ಆಗದ ವರ್ಷ ಗುಳೆ. ಅಂಥವನಿಗೆ ವರ್ಷಪೂರ್ತಿ ಸಂಬಳ ಕೊಡುವ ಗಣಿ ದೊಡ್ಡ ಭಾಗ್ಯವೇ. ಇಳಿದ.

ಮಸ್ಕಿಯ ಬಂಡೆಯ ಶಾಸನ ಲೋಕಕ್ಕೆ ಗೊತ್ತಾದದ್ದು ಅದೇ ಕಾಲದಲ್ಲಿ, 1915ರಲ್ಲಿ. ಕಂಡವನು ಬೀಡನ್ ಎಂಬ ಗಣಿ ಎಂಜಿನಿಯರ್. ಬಂಗಾರ ಹುಡುಕುತ್ತ ಗುಡ್ಡ ಹತ್ತಿದವನಿಗೆ ಬ್ರಾಹ್ಮಿ ಅಕ್ಷರ ಸಿಕ್ಕಿತು. 'ದೇವಾನಾಂಪ್ರಿಯ' ಎಂದು ಶಾಸನಗಳಲ್ಲಿ ಕರೆಸಿಕೊಳ್ಳುವ ದೊರೆ ಅಶೋಕನೇ ಎಂದು ಕಲ್ಲೇ ಹೇಳಿದ ಜಾಗ ನಮ್ಮ ಮಸ್ಕಿ. ನಾನು ಪ್ರತಿ ವರ್ಷ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯುತ್ತಿದ್ದೆ, ಆ ಹೆಸರಿನ ಮುಂದೆ ನಿಂತಾಗಲೆಲ್ಲ ಹೆಮ್ಮೆ ಪಟ್ಟಿದ್ದೇನೆ. ಆದರೆ ಅದೇ ಬಂಗಾರದ ಪಟ್ಟಿಯಲ್ಲಿ ಎರಡು ಸಾವಿರ ವರ್ಷ ನೆಲ ತೋಡಿದವರಲ್ಲಿ ಒಬ್ಬನ ಹೆಸರಾದರೂ ಯಾವ ಕಲ್ಲಿನ ಮೇಲೂ ಇಲ್ಲ.

ಕಾಗದದ ಮೇಲೆಯೂ ಇಲ್ಲ. ವಂಶ ಹುಡುಕುವವರಿಗೆ ಎಲ್ಲರೂ ಮೊದಲು ಹೇಳುವುದು ತಾಲ್ಲೂಕು ಕಚೇರಿಗೆ ಹೋಗು, ಹಳೆಯ ಪಹಣಿ ತೆಗೆಸು ಎಂದು. ಲಿಂಗಸುಗೂರು ಒಂದು ಕಾಲಕ್ಕೆ ತಾನೇ ಜಿಲ್ಲೆಯಾಗಿತ್ತು, ಹೈದರಾಬಾದ್ ಕಂಟಿಂಜೆಂಟ್ ಪಡೆಯ ಛಾವಣಿಯೂ ಆಗಿತ್ತು. 1905ರಲ್ಲಿ ಆ ಜಿಲ್ಲೆಯನ್ನು ರದ್ದು ಮಾಡಿ ರಾಯಚೂರಿಗೆ ಸೇರಿಸಿದರು. ನಿಜಾಮ ಸರಕಾರದ ಹಳೆಯ ದಫ್ತರುಗಳು ಉರ್ದುವಿನಲ್ಲಿವೆ. ಓದಿಸಿಕೊಳ್ಳಲು ಜನ ಸಿಗುತ್ತಾರೆ. ಆದರೆ ಅಲ್ಲಿ ಇರುವುದು ಹೊಲ ಇದ್ದವರು, ವತನ ಇದ್ದವರು, ತೆರಿಗೆ ಕೊಟ್ಟವರು. ನಮ್ಮಂಥ ಮನೆಗಳು ಆ ಪುಸ್ತಕಗಳಲ್ಲಿ ಕಾಣಿಸಿಕೊಳ್ಳುವುದು ಬಹುಮಟ್ಟಿಗೆ 1950ರ ದಶಕದ ನಂತರವೇ.

ಚರ್ಚಿನ ಪುಸ್ತಕ ಹಾಗಲ್ಲ. ಅದಕ್ಕೆ ಹೊಲದ ಗೊಡವೆಯಿಲ್ಲ. ಹುಟ್ಟಿದ ಕೂಸು, ಮದುವೆಯಾದ ಜೋಡಿ, ಸತ್ತ ಜೀವ ಇಷ್ಟೇ ಅದರ ಲೆಕ್ಕ. 1563ರಲ್ಲಿ ಮುಗಿದ ಟ್ರೆಂಟ್ ಧರ್ಮಸಭೆ ದೀಕ್ಷಾಸ್ನಾನ ಮತ್ತು ಮದುವೆಗಳನ್ನು ಪ್ರತಿ ಧರ್ಮಕೇಂದ್ರದಲ್ಲೂ ಬರೆದಿಡಬೇಕೆಂದು ಕಡ್ಡಾಯ ಮಾಡಿತು. 1614ರ ರೋಮನ್ ವಿಧಿಗ್ರಂಥ ಸಾವಿನ ಪುಸ್ತಕವನ್ನೂ ಸೇರಿಸಿತು. ಭಾಷೆ ಲ್ಯಾಟಿನ್. ಇನ್ನಾಸಪ್ಪ ಅಲ್ಲಿ ಇಗ್ನೇಷಿಯಸ್, ಚೌರಪ್ಪ ಅಲ್ಲಿ ಕ್ಸೇವಿಯರ್, ರಾಯಪ್ಪ ಅಲ್ಲಿ ಪೇತ್ರುಸ್. ಕರೆಯುವ ಹೆಸರು ಹಿಡಿದು ಹೋದವರಿಗೆ ಆ ಪುಸ್ತಕ ಬಾಯಿ ಬಿಡುವುದಿಲ್ಲ. ತಂದೆಯ ಹೆಸರು, ತಾಯಿಯ ಹೆಸರು, ಕೂಸನ್ನು ಎತ್ತಿಕೊಂಡ ಜ್ಞಾನತಂದೆಯ ಹೆಸರು, ಇವೆಲ್ಲ ಒಟ್ಟಿಗೆ ಕೂಡಿದರೆ ಮಾತ್ರ ಆಳು ಸಿಗುತ್ತಾನೆ. ಹಿರಿಮುತ್ಯಾ ಹಾಗೆ ಸಿಕ್ಕ. ಲ್ಯಾಟಿನ್ ಬಲ್ಲ ಹಿರಿಯ ಗುರುಗಳೊಬ್ಬರು ಬೆರಳಿಟ್ಟು ಓದಿ ಹೇಳಿದರು.

ಆ ಸಾಲಿಗಿಂತ ನನಗೆ ಉಪಕಾರ ಮಾಡಿದ್ದು ಅದರ ಪಕ್ಕದ ಅಂಚು. ಹತ್ತನೆಯ ಪಯಸ್ ಜಗದ್ಗುರುಗಳ ಕಾಲದಲ್ಲಿ, 1908ರ ಈಸ್ಟರ್‌ನಿಂದ, ಒಂದು ನಿಯಮ ಜಾರಿಗೆ ಬಂತು. ಕಥೋಲಿಕನೊಬ್ಬ ಎಲ್ಲಿ ಮದುವೆಯಾದರೂ ಆ ಊರಿನ ಗುರುಗಳು ಅವನ ದೀಕ್ಷಾಸ್ನಾನವಾದ ಊರಿಗೆ ಬರೆದು ತಿಳಿಸಬೇಕು, ಇಲ್ಲಿಯವರು ಅವನ ಹೆಸರಿನ ಪಕ್ಕ ಅದನ್ನು ಗುರುತು ಹಾಕಬೇಕು. ಒಂದು ಹೆಂಡತಿ ಇರುವಾಗ ದೂರದ ಊರಿನಲ್ಲಿ ಇನ್ನೊಂದು ಮದುವೆ ಆಗದಿರಲಿ ಎಂಬ ಕಾವಲು ಅದು. ಹಿರಿಮುತ್ಯಾನ ಹೆಸರಿನ ಅಂಚಿನಲ್ಲಿ ಬೇರೆ ಮಸಿಯಲ್ಲಿ, ಬೇರೆ ಕೈಬರಹದಲ್ಲಿ ಒಂದು ಟಿಪ್ಪಣಿ ಇತ್ತು. ವಿಧುರ, ಚಾಂಪಿಯನ್ ರೀಫ್‌ನಲ್ಲಿ ಮದುವೆ, 1920ರ ದಶಕ.

ಮನೆಯ ಮೌನಕ್ಕೆ ಕಾರಣ ಒಂದಲ್ಲ, ಎರಡು ಎಂದು ಆಗ ತಿಳಿಯಿತು. ಮೊದಲ ಹೆಂಡತಿ, ಅಂದರೆ ನಮ್ಮ ರಕ್ತದ ಹಿರಿಯಾಯಿ, 1918ರ ಇನ್‌ಫ್ಲುಯೆಂಜಾದಲ್ಲಿ ಹೋದಳೆಂದು ದೊಡ್ಡತ್ತೆ ಮೊದಲೇ ಹೇಳಿದ್ದಳು. ಎರಡು ವರ್ಷಕ್ಕೆ, 1920ರಲ್ಲಿ, ಹಟ್ಟಿ ಗಣಿ ನಿಂತಿತು. ಅದು ಮತ್ತೆ ಚೇತರಿಸಿಕೊಂಡದ್ದು 1940ರ ದಶಕದ ಕೊನೆಗೆ. ಕೈಯಲ್ಲಿ ಎಂಟು ವರ್ಷದ ತಾಯಿಯಿಲ್ಲದ ಮಗ, ನಲವತ್ತು ದಾಟಿದ ಮೈ, ಭೂಮಿಯೊಳಗಿನ ಕೆಲಸ ಬಿಟ್ಟರೆ ಬೇರೆ ವಿದ್ಯೆ ಇಲ್ಲ. ಮಗನನ್ನು ಮಸ್ಕಿಯ ಮಾವನ ಮನೆಯಲ್ಲಿ ಬಿಟ್ಟ. ಕಾಸು ಕಳಿಸುತ್ತೇನೆ ಎಂದ. ಕೆಲವು ವರ್ಷ ಕಳಿಸಿದನಂತೆ. ಮರುಮದುವೆಯ ಸುದ್ದಿ ಬಂದ ಮೇಲೆ ಮಾವನ ಮನೆಯವರು ಆ ಮನಿಯಾರ್ಡರನ್ನು ಮರಳಿಸಿದರು ಎಂದು ದೊಡ್ಡತ್ತೆ ಹೇಳುತ್ತಾಳೆ. ನಾನು ಯಾರನ್ನೂ ದೂರಲಾರೆ. ತಂಗಿಯನ್ನು ಕಳಕೊಂಡ ಮನೆಯ ಸಂಕಟವೂ ಅದರಲ್ಲಿದೆ.

ಅವನು ಹೋದ ದಾರಿಯನ್ನು ನಕಾಶೆಯಲ್ಲಿ ಗುರುತಿಸಬಲ್ಲೆ. ರಾಯಚೂರಿನವರೆಗೆ ಬಂಡಿ ಅಥವಾ ಕಾಲು. ಮುಂಬಯಿ ಮತ್ತು ಮದರಾಸಿನ ರೈಲುಹಳಿಗಳು 1871ರಲ್ಲಿ ಕೂಡಿದ್ದು ನಮ್ಮ ರಾಯಚೂರಿನಲ್ಲೇ. ಅಲ್ಲಿಂದ ಗುಂತಕಲ್, ಗಾಡಿ ಬದಲಿಸಿ ಬೆಂಗಳೂರು, ಮುಂದೆ ಆಗ ಬೌರಿಂಗ್‌ಪೇಟೆ ಎನ್ನುತ್ತಿದ್ದ ಬಂಗಾರಪೇಟೆ, ಅಲ್ಲಿಂದ ಗಣಿಯ ಕವಲು ಹಳಿ. ಕೋಲಾರದ ಚಿನ್ನದ ಸೀಮೆ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿಯ ಆಡಳಿತದಲ್ಲಿತ್ತು. 1902ರಲ್ಲೇ ಶಿವನಸಮುದ್ರದಿಂದ ಕರೆಂಟು ಬಂದಿತ್ತು. ಹಟ್ಟಿಯಿಂದ ಹೋದವನಿಗೆ ಅದು ಬೇರೆಯೇ ಲೋಕ. ಕಾರ್ಮಿಕರ ಸಾಲುಮನೆಗಳಲ್ಲಿ ತಮಿಳು, ತೆಲುಗು. ರಾಯಚೂರು ಕನ್ನಡ ಆಡುವವರು ಎಷ್ಟು ಮಂದಿ ಇದ್ದಾರು! ಚಾಂಪಿಯನ್ ರೀಫ್ ಮುಂದೆ ಮೂರು ಕಿಲೋಮೀಟರಿಗೂ ಆಳ ಹೋದ ಗಣಿ. ಬಂಡೆ ಸಿಡಿದು ಸತ್ತವರ ಕಥೆ ಎಲ್ಲರಿಗೂ ಗೊತ್ತು. ಸದ್ದಿಲ್ಲದೆ ಕೊಂದದ್ದು ಕಲ್ಲಿನ ಪುಡಿ. ಕೊರೆಯುವಾಗ ಏಳುವ ಸಿಲಿಕಾ ದೂಳು ಎದೆಯಲ್ಲಿ ಇಳಿದು ಶ್ವಾಸಕೋಶವನ್ನು ಗಟ್ಟಿ ಮಾಡುತ್ತದೆ, ಗಣಿ ಬಿಟ್ಟ ಮೇಲೂ ಬೆಳೆಯುತ್ತದೆ, ಅದಕ್ಕೆ ಮದ್ದಿಲ್ಲ. ಕೆಲಸ ಮಾಡಲಾಗದವನಿಗೆ ಕಂಪನಿಯ ಸಾಲುಮನೆಯಲ್ಲಿ ಜಾಗವೂ ಇಲ್ಲ. ನೌಕರರ ಭವಿಷ್ಯನಿಧಿ ಕಾಯ್ದೆ ಬಂದದ್ದು 1952ರಲ್ಲಿ. ಬಡ ವೃದ್ಧರಿಗೆ ಕೇಂದ್ರ ಸರಕಾರದ ಪಿಂಚಣಿ ಬಂದದ್ದು 1995ರಲ್ಲಿ. 1930ರ ದಶಕದಲ್ಲಿ ದಮ್ಮು ಹಿಡಿದ ಮುದುಕನಿಗೆ ಇದ್ದದ್ದು ಮೂರು ಬಾಗಿಲು: ಮಗನ ಮನೆ, ಬೀದಿ, ಇಲ್ಲವೇ ಧರ್ಮದ ಮನೆ.

ಆ ಮೂರನೆಯ ಬಾಗಿಲು ಬೆಂಗಳೂರಿನ ಹೊಸೂರು ರಸ್ತೆಯಲ್ಲಿದೆ. ಲಿಟ್ಲ್ ಸಿಸ್ಟರ್ಸ್ ಆಫ್ ದ ಪೂರ್ ಎಂಬ ಕನ್ಯಾಸ್ತ್ರೀಯರ ಸಭೆ 1900ರಲ್ಲಿ ತೆರೆದ ವೃದ್ಧರ ಮನೆ. ಭಾರತಕ್ಕೆ ಅವರು ಮೊದಲು ಬಂದದ್ದು 1882ರಲ್ಲಿ, ಕಲ್ಕತ್ತೆಗೆ. ಅರುವತ್ತು ದಾಟಿದ, ಕೈಯಲ್ಲಿ ಏನೂ ಇಲ್ಲದ ಯಾರಾದರೂ ಸರಿ, ಜಾತಿ ಮತ ಕೇಳದೆ ಸೇರಿಸಿಕೊಳ್ಳುವುದು ಅವರ ಪದ್ಧತಿ. ಖಾಯಂ ಆದಾಯ ಇಟ್ಟುಕೊಳ್ಳುವುದಿಲ್ಲ. ಸಿಸ್ಟರ್‌ಗಳೇ ಅಂಗಡಿ, ಮಾರುಕಟ್ಟೆ, ಮನೆಗಳಿಗೆ ಹೋಗಿ ಬೇಡಿ ತರುತ್ತಾರೆ. ಅಂದರೆ ನಮ್ಮ ಹಿರಿಮುತ್ಯಾ ಉಂಡದ್ದು ಭಿಕ್ಷೆಯ ಅನ್ನ. ಆದರೆ ಕೈ ಚಾಚಿದ್ದು ಅವನಲ್ಲ, ಅವನಿಗಾಗಿ ಬೇರೆಯವರು ಚಾಚಿದರು.

ಈ ಪದ್ಧತಿಯನ್ನು ಶುರು ಮಾಡಿದವಳ ಕಥೆಯನ್ನು ನಾನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಅದನ್ನು ಓದಿದ ಮೇಲೆಯೇ ನನ್ನ ಹುಡುಕಾಟದ ಅರ್ಥ ನನಗೆ ತಿಳಿಯಿತು. ಜಾನ್ ಜುಗಾನ್ 1792ರಲ್ಲಿ ಫ್ರಾನ್ಸಿನ ಬ್ರಿಟನಿ ಕರಾವಳಿಯ ಕಾಂಕಾಲ್ ಎಂಬ ಊರಲ್ಲಿ ಹುಟ್ಟಿದಳು. ತಂದೆ ಮೀನುಗಾರ, ಕಡಲಿಗೆ ಹೋದವನು ಮರಳಲಿಲ್ಲ. ಜಾನ್ ಮನೆಗೆಲಸ, ಆಸ್ಪತ್ರೆ ಕೆಲಸ ಮಾಡಿ ಬದುಕಿದವಳು. 1839ರ ಚಳಿಗಾಲದಲ್ಲಿ ಸೆಂಟ್ ಸೆರ್ವಾನ್ ಎಂಬಲ್ಲಿ ಕಣ್ಣು ಕಾಣದ, ಅರ್ಧ ಮೈ ಲಕ್ವಾ ಹೊಡೆದ ಒಬ್ಬ ವಿಧವೆಯನ್ನು ತನ್ನ ಬಾಡಿಗೆ ಮನೆಗೆ ಕರೆತಂದು, ತನ್ನ ಮಂಚ ಬಿಟ್ಟುಕೊಟ್ಟು, ತಾನು ಅಟ್ಟದ ಮೇಲೆ ಮಲಗಿದಳು. ಆಮೇಲೆ ಇನ್ನೊಬ್ಬಳು, ಮತ್ತೊಬ್ಬಳು. ಬೇಡಿ ತಿನ್ನುತ್ತಿದ್ದ ಮುದುಕಿಯರನ್ನು ಕೂಡಿಸಿ, ನೀವು ಯಾವ ಯಾವ ಮನೆಗೆ ಹೋಗುತ್ತಿದ್ದಿರಿ ಹೇಳಿ ಎಂದು ಕೇಳಿಕೊಂಡು, ಬುಟ್ಟಿ ಹಿಡಿದು ಅದೇ ಮನೆಗಳಿಗೆ ತಾನು ಹೋದಳು. 1845ರಲ್ಲಿ ಫ್ರೆಂಚ್ ಅಕಾಡೆಮಿ ಅವಳಿಗೆ ಮೊಂತಿಯೋ ಪ್ರಶಸ್ತಿ ಕೊಟ್ಟಿತು.

ಆದರೆ ಆ ಹೊತ್ತಿಗಾಗಲೇ ಅವಳ ಹೆಸರು ಅಳಿಸಲು ಶುರುವಾಗಿತ್ತು. ಲ ಪಾಯೆರ್ ಎಂಬ ಪಾದ್ರಿ 1843ರಲ್ಲಿ ಅವಳನ್ನು ಮುಖ್ಯಸ್ಥೆಯ ಸ್ಥಾನದಿಂದ ಇಳಿಸಿ, ಸಂಸ್ಥಾಪಕ ತಾನೇ ಎಂದು ಸಾರತೊಡಗಿದ. 1852ರಲ್ಲಿ ಅವಳನ್ನು ಬೇಡುವ ಕೆಲಸದಿಂದಲೂ ಬಿಡಿಸಿ ಒಳಗೆ ಕೂರಿಸಿದ. 1879ರಲ್ಲಿ ಸಾಯುವವರೆಗೆ, 27 ವರ್ಷ, ಅವಳು ಹೊಸದಾಗಿ ಸೇರುವ ಹುಡುಗಿಯರ ನಡುವೆ ಒಬ್ಬ ಮುದಿ ಸಿಸ್ಟರ್ ಆಗಿ ಬದುಕಿದಳು. ಈ ಸಭೆಯನ್ನು ಕಟ್ಟಿದವಳು ಇವಳೇ ಎಂದು ಆ ಹುಡುಗಿಯರಿಗೆ ಗೊತ್ತಿರಲಿಲ್ಲ. ರೋಮ್ 1890ರಲ್ಲಿ ಲ ಪಾಯೆರನನ್ನು ತೆಗೆದುಹಾಕಿತು. ಆಮೇಲೆ ನಿಧಾನವಾಗಿ ಸತ್ಯ ಹೊರಬಂತು. ಅಕಾಡೆಮಿಯ ಪ್ರಶಸ್ತಿಗಾಗಿ ಅವಳ ಊರಿನವರು ಬರೆದ ಕಾಗದವೂ ಅದಕ್ಕೆ ಸಾಕ್ಷಿಯಾಯಿತು. 2009ರ ಅಕ್ಟೋಬರ್ 11ರಂದು ಅವಳನ್ನು ಸಂತಳೆಂದು ಘೋಷಿಸಿದರು. ಲಕ್ಷಾಂತರ ಬಡ ಮುದುಕರ ಹೆಸರು ಬರೆದುಕೊಂಡ ಸಭೆ, ತನ್ನ ತಾಯಿಯ ಹೆಸರನ್ನೇ ಹಳೆಯ ಕಾಗದದಿಂದ ಹೆಕ್ಕಿ ತೆಗೆಯಬೇಕಾಯಿತು. ಕಾಗದದಲ್ಲಿ ಒಂದು ಸಾಲು ಉಳಿಯುವುದು ಎಷ್ಟು ದೊಡ್ಡ ವಿಷಯ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ನನಗೆ ಬೇಡ.

ಹಿರಿಮುತ್ಯಾನ ಸಾಲೂ ಸಿಕ್ಕಿತು. ನನ್ನ ಕೈಯಲ್ಲಿ ಮುದಗಲ್ಲಿನ ದೀಕ್ಷಾಸ್ನಾನದ ಪ್ರತಿ ಇತ್ತು, ಚಾಂಪಿಯನ್ ರೀಫ್‌ನ ವಿಜಯಮಾತೆಯ ಚರ್ಚಿನ ಮದುವೆಯ ವಿವರ ಇತ್ತು. ಅವೆರಡನ್ನೂ ಹಿಡಿದು ಹೊಸೂರು ರಸ್ತೆಯ ವೃದ್ಧರ ಮನೆಗೆ ಹೋದೆ. ಅಲ್ಲಿಯ ಹಳೆಯ ದಾಖಲೆಯಲ್ಲಿ ಅವನಿದ್ದ. ಅವನ ಹೆಸರು, ತಂದೆಯ ಹೆಸರು, ವಿಧುರ, ಕಥೋಲಿಕ, ಗಣಿ ಕೂಲಿ. ಹುಟ್ಟೂರು ಮುದಗಲ್ಲು, ನಿಜಾಮ ಸಂಸ್ಥಾನ. ಸೇರಿದ ದಿನ ಮತ್ತು ತೀರಿಕೊಂಡ ದಿನ, ನಡುವೆ ಎರಡು ವರ್ಷಕ್ಕೂ ಕಡಿಮೆ. ಎರಡನೆಯ ಮಹಾಯುದ್ಧ ಶುರುವಾಗುವ ಮುನ್ನವೇ ಎಲ್ಲ ಮುಗಿದಿದೆ. ಬಂಧುಗಳು ಎಂಬಲ್ಲಿ ಒಬ್ಬ ಮಗ ಎಂದು ಬರೆದಿತ್ತು. ಮಗನ ಹೆಸರು ಇತ್ತು. ಊರು ಮಸ್ಕಿ ಎಂದೂ ಇತ್ತು.

ಅಪ್ಪ ನಮ್ಮನ್ನು ಮರೆತ ಎಂದೇ ಮುತ್ಯಾ ಕೊನೆಯವರೆಗೂ ನಂಬಿದ್ದ. ಉಸಿರು ಸಿಕ್ಕದ ಒಬ್ಬ ಮುದುಕ, ತನ್ನ ಭಾಷೆ ಅರಿಯದ ಪರದೇಶದ ಸಿಸ್ಟರ್‌ಗಳ ಮುಂದೆ, ಮಗನ ಹೆಸರನ್ನೂ ಮಸ್ಕಿ ಎಂಬ ಊರನ್ನೂ ಅವರು ತಿಳಿದು ಬರೆಯುವಂತೆ ಬಿಡಿಸಿ ಹೇಳಿದ್ದಾನೆ. ಆ ಹಾಳೆಯನ್ನು ನೋಡಿ ನಾನು ಅತ್ತೆ. ಅಲ್ಲಿಯ ಸಿಸ್ಟರ್ ಏನೂ ಕೇಳದೆ ನೀರು ತಂದುಕೊಟ್ಟರು.

ಸಮಾಧಿಯ ಕಲ್ಲು ಸಿಕ್ಕಲಿಲ್ಲ. ಹೊಸೂರು ರಸ್ತೆಯ ಕ್ರೈಸ್ತ ಸ್ಮಶಾನದಲ್ಲಿ ನಡೆದಾಡಿದೆ. ಕಲ್ಲು ಇಡಿಸುವಷ್ಟು ಇದ್ದವರ ಕಲ್ಲುಗಳು ಅಲ್ಲಿವೆ. ಅದರ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ.

ಧರ್ಮದ ಮನೆಯಲ್ಲಿ ಸತ್ತದ್ದು ಅವಮಾನ ಎನ್ನುವವರಿಗೆ ನಾನು ಈಗ ನೇರವಾಗಿ ಹೇಳುತ್ತೇನೆ. ಹಟ್ಟಿಯ ಗಣಿ ಅವನಿಂದ ಹದಿನೈದು ವರ್ಷಕ್ಕೂ ಮೇಲೆ ದುಡಿಸಿಕೊಂಡಿತು, ಅವನ ಹೆಸರು ನಮಗೆ ಅಲ್ಲಿ ಸಿಗುವುದಿಲ್ಲ. ನಿಜಾಮ ಸರಕಾರಕ್ಕೆ ಅವನು ಕಾಣಲೇ ಇಲ್ಲ. ನಿನ್ನವರು ಯಾರು ಎಂದು ಕೇಳಿ, ಹೇಳಿದ್ದನ್ನು ಬರೆದುಕೊಂಡದ್ದು ಆ ಮನೆ ಒಂದೇ. ಇಂದು ಸಿಂಧನೂರಿನ ಸುತ್ತ ಕಣ್ಣು ಹಾಯಿಸಿದಷ್ಟು ದೂರ ಭತ್ತ. 1953ರಲ್ಲಿ ಬಂದ ತುಂಗಭದ್ರೆಯ ನೀರು ಮೂವತ್ತು ವರ್ಷ ಮೊದಲೇ ಬಂದಿದ್ದರೆ ಅವನು ಕೋಲಾರಕ್ಕೆ ಹೋಗುತ್ತಲೇ ಇರಲಿಲ್ಲ, ಕೂಲಿ ಮಾಡಿಯಾದರೂ ಮಗನ ಜೊತೆ ಇರುತ್ತಿದ್ದ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. ಅವನನ್ನು ಅಲ್ಲಿಗೆ ತಳ್ಳಿದ್ದು ಮಗನ ಕಟುಕತನವಲ್ಲ, ಬರದ ನೆಲ ಮತ್ತು ಮುಚ್ಚಿದ ಗಣಿ.

ನವೆಂಬರ್ 2 ಸಕಲ ಮೃತರ ದಿನ. ಅಂದು ಪೂಜೆಯಲ್ಲಿ ತೀರಿಕೊಂಡವರ ಹೆಸರು ಓದಿಸುವುದು ನಮ್ಮಲ್ಲಿ ರೂಢಿ. ಕಳೆದ ಸಲ ಅವನ ಹೆಸರನ್ನೂ ಓದಿಸಿದೆವು. ಅಚ್ಚಿನಲ್ಲಿ ಮಾತ್ರ ಬೇಡ ಎಂದು ದೊಡ್ಡತ್ತೆ ಕೇಳಿಕೊಂಡದ್ದರಿಂದ ಇಲ್ಲಿ ಬರೆದಿಲ್ಲ. ತೊಂಬತ್ತರ ಹತ್ತಿರದ ಅವಳಿಗೆ ಆ ಮಾತಿನ ಹಕ್ಕಿದೆ. ಬಂಧುಗಳ ಸಾಲನ್ನು ನಾನು ಓದಿ ಹೇಳಿದಾಗ ಅವಳು ಕೇಳಿದ್ದು ಒಂದೇ ಪ್ರಶ್ನೆ: "ಆ ಎರಡನೇ ಹೆಂಡತಿ ಎಲ್ಲಿ ಹೋದಳು? ಆಕೆಯೂ ನಮ್ಮಾಕೆಯೇ ಅಲ್ಲವಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಅವನು ವೃದ್ಧರ ಮನೆ ಸೇರುವ ಹೊತ್ತಿಗೆ ಅವಳು ತೀರಿಕೊಂಡಿದ್ದಳು ಎಂಬುದು 'ವಿಧುರ' ಎಂಬ ಬರಹದಿಂದ ಸ್ಪಷ್ಟ. ಮದುವೆಯ ಪುಸ್ತಕದಲ್ಲಿ ಅವಳ ತಂದೆಯ ಹೆಸರಿದೆ, ಚಿತ್ತೂರು ಸೀಮೆಯ ಒಂದು ಹಳ್ಳಿಯ ಹೆಸರಿದೆ. ಅವಳೂ ವಿಧವೆಯಾಗಿ ಮರುಮದುವೆಯಾದವಳು. ಮೊದಲ ಗಂಡನ ಮಕ್ಕಳು ಇದ್ದಿರಬಹುದು, ಅವರ ಮೊಮ್ಮಕ್ಕಳು ಎಲ್ಲೋ ಇರಬಹುದು. ಚಾಂಪಿಯನ್ ರೀಫ್‌ನ ಸಾವಿನ ಪುಸ್ತಕದ 1930ರ ದಶಕದ ಪುಟಗಳನ್ನು ನೋಡಿಕೊಡಲು ಕೇಳಿಕೊಂಡಿದ್ದೇನೆ, ಆ ಹಳ್ಳಿಗೆ ಹತ್ತಿರದ ಧರ್ಮಕೇಂದ್ರಕ್ಕೂ ತೆಲುಗಿನಲ್ಲಿ ಕಾಗದ ಬರೆಸಿದ್ದೇನೆ.